ಉತ್ತರ ಮುಂದಿನ ವಾರ: ಹಳೇ ಸ್ಪೀಡ್‌ವೇ ಪುಸ್ತಿಕೆಯ ಏಳು ಒಗಟುಗಳು

ನಮ್ಮ ಅಕ್ಕ-ಭಾವ ಇಂಗ್ಲೆಂಡಿನಲ್ಲಿದ್ದಾರೆ. ಭಾವನಿಗೆ ಭಾನುವಾರ ಬೆಳಗಾದರೆ ಹಳೇ ಸಾಮಾನಿನ ಸಂತೆಗೆ ಹೋಗುವ ಚಟ. ಅಲ್ಲಿ ಜನ ಒಂದು ಬಯಲಿನಲ್ಲಿ ಕಾರು ನಿಲ್ಲಿಸಿ, ಡಿಕ್ಕಿ ತೆಗೆದು, ಮನೆಯಲ್ಲಿ ಬೇಡವಾದದ್ದನ್ನೆಲ್ಲ ಹರವಿಕೊಂಡು ಕೂರುತ್ತಾರಂತೆ. ಹೋದ ವರ್ಷ ಅಲ್ಲಿಂದ ನನಗೆ ನಾಲ್ಕು ಫೋಟೋ ಕಳಿಸಿದರು. ಒಂದು ತೆಳ್ಳನೆ ಪುಸ್ತಿಕೆ. ಮುಖಪುಟ ಇಲ್ಲ. ಪಿನ್ನು ತುಕ್ಕು ಹಿಡಿದಿದೆ. ಒಳಗೆ ಗ್ಯಾರೇಜಿನ ಜಾಹೀರಾತು, ಬಿಯರಿನ ಜಾಹೀರಾತು, ನಡುವೆ ಒಂದು ದೊಡ್ಡ ಅಂಕಪಟ್ಟಿ.

"ಏನ್ ಭಾವ ಇದು?" ಅಂತ ಫೋನ್ ಮಾಡಿದೆ.

"ಸ್ಪೀಡ್‌ವೇ ರೇಸಿನ ಪ್ರೋಗ್ರಾಂ ಕಣೋ. ಮಾವನ ಜಾವಾ ನೆನಪಾಯ್ತು, ಅದಕ್ಕೇ ತಗೊಂಡೆ. ಕೊನೇ ಪುಟದಲ್ಲೊಂದು ಕ್ವಿಜ್ ಇದೆ ನೋಡು. ನಂಗಂತೂ ಒಂದೂ ಹೊಳೀಲಿಲ್ಲ."

ನೋಡಿದೆ. ಏಳು ಪ್ರಶ್ನೆ. ಕೆಳಗೆ ಸಣ್ಣ ಅಕ್ಷರದಲ್ಲಿ: ಉತ್ತರ ಮುಂದಿನ ವಾರದ ಪ್ರೋಗ್ರಾಂನಲ್ಲಿ. ಆ ಮುಂದಿನ ವಾರ ಕಳೆದು ಅರ್ಧ ಶತಮಾನ ದಾಟಿದೆ. ಮೊದಲ ಪ್ರಶ್ನೆ ಹೀಗಿತ್ತು:

"ಕೊನೆಯ ಹೀಟ್. ನಾವು ನಾಲ್ಕು ಮುಂದೆ. ಬಿಳಿ, ಹಳದಿ, ಕೆಂಪು, ನೀಲಿ. ಖುಷಿಯಾಗಿ ಮನೆಗೆ ಹೋಗಬಹುದಾ?"

ಇದು ಕ್ವಿಜ್ಜೋ, ಹೋಳಿ ಹಬ್ಬದ ಕವನವೋ ಅಂತ ಅನ್ನಿಸಿತು. ಆದರೆ ಆ ಊರಿನ ಹತ್ತು ವರ್ಷದ ಹುಡುಗನಿಗೂ ಇದು ಎರಡು ನಿಮಿಷದ ಲೆಕ್ಕ ಆಗಿದ್ದಿರಬೇಕು. ಕಷ್ಟ ಇರುವುದು ಪ್ರಶ್ನೆಯಲ್ಲಲ್ಲ. ಆ ಸಂಜೆ ಹೇಗೆ ನಡೆಯುತ್ತದೆ ಅನ್ನುವುದು ನಮಗೆ ಗೊತ್ತಿಲ್ಲ, ಅಷ್ಟೇ. ಹಾಗಾಗಿ ಮೊದಲು ಮೈದಾನಕ್ಕೆ ಹೋಗಿ ಬರೋಣ.

ಸ್ಪೀಡ್‌ವೇ ಅಂದರೆ ಮೋಟಾರ್‌ಸೈಕಲ್ ರೇಸ್, ಆದರೆ ಟಾರಿನ ಮೇಲಲ್ಲ. ಮೊಟ್ಟೆಯಾಕಾರದ ಪುಟ್ಟ ಟ್ರ್ಯಾಕು. ಒಂದು ಸುತ್ತು ಸುಮಾರು 300ರಿಂದ 400 ಮೀಟರ್. ಮೇಲೆ ಶೇಲ್ ಅನ್ನುವ ಕಲ್ಲಿನ ಪುಡಿ ಹರಡಿರುತ್ತಾರೆ, ಸಡಿಲವಾಗಿ. ಒಂದು ರೇಸಿಗೆ ನಾಲ್ಕು ಜನ, ನಾಲ್ಕು ಸುತ್ತು, ಗಡಿಯಾರಕ್ಕೆ ಉಲ್ಟಾ ದಿಕ್ಕು. ಸುಮಾರು ಒಂದು ನಿಮಿಷದಲ್ಲಿ ಮುಗಿದೇ ಹೋಗುತ್ತದೆ. ಇಂಥ ಒಂದೊಂದು ರೇಸಿಗೂ ಹೀಟ್ ಅಂತ ಹೆಸರು.

ಗಾಡಿ ವಿಚಿತ್ರ. 500 ಸಿಸಿ, ಒಂದೇ ಸಿಲಿಂಡರ್, ಪೆಟ್ರೋಲ್ ಬದಲು ಮೆಥನಾಲ್, ಒಂದೇ ಗೇರ್. ಬ್ರೇಕ್ ಇಲ್ಲ. ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಕೇಳಿದರೆ ಎದೆ ಝಲ್ ಅನ್ನುತ್ತದೆ, ಆದರೆ ಅದರ ಹಿಂದೊಂದು ತರ್ಕ ಇದೆ. ಮುಂದಿನವನು ದಿಢೀರ್ ಬ್ರೇಕ್ ಹಾಕಿದರೆ ಹಿಂದಿನವನ ಗತಿ ಏನು? ಯಾರಿಗೂ ಬ್ರೇಕ್ ಇಲ್ಲದಿದ್ದರೆ ಆ ಭಯ ಇಲ್ಲ. ತಿರುವಿನಲ್ಲಿ ನಿಧಾನ ಮಾಡುವುದು ಜಾರಿಸಿಕೊಂಡೇ. ಹಿಂದಿನ ಚಕ್ರ ಹೊರಕ್ಕೆ ಜಾರುತ್ತದೆ, ಗಾಡಿ ಅಡ್ಡಡ್ಡ ಹೋಗುತ್ತದೆ. ಎಡಕ್ಕೆ ತಿರುಗುತ್ತಿದ್ದರೂ ಮುಂದಿನ ಚಕ್ರ ಬಲಕ್ಕೆ ಮುಖ ಮಾಡಿರುತ್ತದೆ. ಎಡಗಾಲು ನೆಲಕ್ಕೆ ಊರಿಕೊಂಡು ಉಜ್ಜುತ್ತಾ ಹೋಗುತ್ತದೆ, ಅದಕ್ಕೇ ಆ ಕಾಲಿನ ಬೂಟಿಗೆ ಮಾತ್ರ ಉಕ್ಕಿನ ತಳ.

ಆಸ್ಟ್ರೇಲಿಯಾದ ಮೈಟ್‌ಲ್ಯಾಂಡ್‌ನ ಕೃಷಿ ಮೇಳದ ಮೈದಾನದಲ್ಲಿ 1923ರ ಡಿಸೆಂಬರ್‌ನಲ್ಲಿ ಜಾನಿ ಹಾಸ್ಕಿನ್ಸ್ ಅನ್ನುವವರು ನಡೆಸಿದ ರೇಸನ್ನು ಈ ಆಟದ ಹುಟ್ಟು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಇಂಗ್ಲೆಂಡಿಗೆ ಇದರ ಹುಚ್ಚು ಹತ್ತಿದ್ದು 1928ರ ಫೆಬ್ರವರಿ 19ರಂದು, ಲಂಡನ್ ಹೊರಗಿನ ಎಪ್ಪಿಂಗ್ ಕಾಡಿನ ಹೈ ಬೀಚ್‌ನಲ್ಲಿ. ಹುಟ್ಟೂರಿನ ವಿಷಯದಲ್ಲಿ ಅಭಿಮಾನಿಗಳು ಇವತ್ತಿಗೂ ಜಗಳ ಆಡುತ್ತಾರೆ. ನಾವು ಮಧ್ಯೆ ಬಾಯಿ ಹಾಕುವುದು ಬೇಡ.

ಈಗ ತಂಡದ ಪಂದ್ಯ. ಎರಡು ಊರುಗಳ ತಂಡ, ತಂಡಕ್ಕೆ ಏಳು ಜನ. ಪ್ರತಿ ಹೀಟ್‌ಗೆ ಈ ಕಡೆಯಿಂದ ಇಬ್ಬರು, ಆ ಕಡೆಯಿಂದ ಇಬ್ಬರು. ಮೊದಲು ಬಂದವನಿಗೆ 3 ಅಂಕ, ಎರಡನೆಯವನಿಗೆ 2, ಮೂರನೆಯವನಿಗೆ 1, ಕೊನೆಯವನಿಗೆ ಸೊನ್ನೆ. ಧೂಳಿನಲ್ಲಿ ಮುಖ ಕಾಣುವುದಿಲ್ಲವಲ್ಲ, ಅದಕ್ಕೆ ಹೆಲ್ಮೆಟ್ಟಿಗೆ ಬಣ್ಣದ ಟೋಪಿ. ಆತಿಥೇಯ ತಂಡದ ಇಬ್ಬರಿಗೆ ಕೆಂಪು ಮತ್ತು ನೀಲಿ. ಬಂದವರಿಗೆ ಬಿಳಿ, ಮತ್ತು ಕಪ್ಪು ಸೇರಿದ ಹಳದಿ. ಜನ ನೋಡುವುದು ಬಣ್ಣ, ಕೂಗುವುದು ಹೆಸರು. ಎರಡಕ್ಕೂ ತಾಳೆ ಹಾಕಲು ಕೈಯಲ್ಲಿ ಪ್ರೋಗ್ರಾಂ ಬೇಕೇ ಬೇಕು. ಪ್ರತಿ ಹೀಟ್ ಮುಗಿದ ಕೂಡಲೇ ಪೆನ್ನು ತೆಗೆದು ಅಂಕ ತುಂಬುವುದು ಅಲ್ಲಿನವರಿಗೆ ಆಟದಷ್ಟೇ ಮುಖ್ಯ. ನಮ್ಮಲ್ಲಿ ರೇಡಿಯೋ ಕಾಮೆಂಟರಿ ಕೇಳುತ್ತಾ ನೋಟ್‌ಬುಕ್ಕಿನಲ್ಲಿ ಸ್ಕೋರ್ ಬರೆದುಕೊಳ್ಳುತ್ತಿದ್ದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ನಮ್ಮ ಪುಸ್ತಿಕೆಯ ಅಂಕಪಟ್ಟಿಯಲ್ಲಿ 13 ಹೀಟ್ ಇದ್ದವು. ಒಂದು ಹೀಟ್‌ಗೆ ಒಟ್ಟು 6 ಅಂಕ, ಅಂದರೆ ಇಡೀ ಪಂದ್ಯಕ್ಕೆ 78.

ಬಣ್ಣದ ಪ್ರಶ್ನೆಗೆ ವಾಪಸ್ ಬರೋಣ. ಕೊನೆಯ ಹೀಟ್‌ಗೆ ಮುಂಚೆ 12 ಹೀಟ್ ಆಗಿವೆ, 72 ಅಂಕ ಹಂಚಿಹೋಗಿವೆ. ನಾವು 4 ಮುಂದೆ ಅಂದರೆ 38–34. ಈಗ ಬಿಳಿ ಮೊದಲು, ಹಳದಿ ಎರಡನೆಯದು. ಎರಡೂ ಬಂದವರದ್ದು, 5 ಅಂಕ ಅವರಿಗೆ. ಕೆಂಪು ಮೂರನೆಯದು, ನಮಗೆ 1. ನೀಲಿಗೆ ಸೊನ್ನೆ. 39–39. ಅರ್ಧ ಖುಷಿಯಾಗಿ ಮನೆಗೆ ಹೋಗಬಹುದು.

ನೋಡಿದಿರಾ, ಎಷ್ಟು ಸುಲಭ ಇತ್ತು!

ಎರಡನೇ ಪ್ರಶ್ನೆ ಒಂದೇ ಸಾಲು: "ಅಂತಿಮ ಅಂಕ 39–38. ಏನಾಯಿತು?" ನನಗೆ ತುಂಬಾ ಹಿಡಿಸಿದ ಪ್ರಶ್ನೆ ಇದು. ಎಲ್ಲಿ, ಯಾರು, ಯಾವಾಗ, ಒಂದೂ ಹೇಳಿಲ್ಲ. ಆದರೂ ಉತ್ತರ ಇದೆ. ಕೂಡಿಸಿ ನೋಡಿ: 77. ಒಂದು ಅಂಕ ಎಲ್ಲಿ ಹೋಯಿತು? ಗೆರೆ ದಾಟಿದವರಿಗೆ ಮಾತ್ರ ಅಂಕ. ಬಿದ್ದವನಿಗೆ, ಎಂಜಿನ್ ಕೈಕೊಟ್ಟವನಿಗೆ, ರೆಫರಿ ಹೊರಗೆ ಹಾಕಿದವನಿಗೆ ಏನೂ ಇಲ್ಲ. ಮೂವರು ಮುಗಿಸಿದರೂ 3, 2, 1 ಸೇರಿ ಆರೇ ಆಗುತ್ತದೆ, ನಷ್ಟ ಇಲ್ಲ. ಇಬ್ಬರೇ ಮುಗಿಸಿದರೆ 5, ಒಂದು ಅಂಕ ನಷ್ಟ. ಒಬ್ಬನೇ ಮುಗಿಸಿದರೆ 3, ಮೂರು ಅಂಕ ನಷ್ಟ. ಹಾಗಾಗಿ 77 ಆಗಬೇಕಾದರೆ ದಾರಿ ಒಂದೇ. 13 ಹೀಟ್‌ಗಳಲ್ಲಿ ಸರಿಯಾಗಿ ಒಂದರಲ್ಲಿ, ನಾಲ್ವರಲ್ಲಿ ಇಬ್ಬರು ಮಾತ್ರ ಗೆರೆ ಮುಟ್ಟಿದರು. ಉಳಿದ 12ರಲ್ಲಿ ಕನಿಷ್ಠ ಮೂವರು. ಆ ಒಂದು ಹೀಟ್‌ನಲ್ಲಿ ಬಿದ್ದವನು ಯಾರೋ, ಎದ್ದು ಗಾಡಿ ತಳ್ಳಿಕೊಂಡಾದರೂ ಗೆರೆ ದಾಟಿದ್ದರೆ ಆ ಮೂರನೇ ಜಾಗದ ಅಂಕ ಅವನದಾಗುತ್ತಿತ್ತು. ಅವನು ಸೋತ ತಂಡದವನೇ ಆಗಿದ್ದರೆ ಪಂದ್ಯ ಸಮ. ಆ ಊರಲ್ಲಿ ಒಂದು ವಾರ ಇದೇ ಮಾತು ನಡೆದಿರುತ್ತದೆ.

ಮೂರನೆಯದು ಸ್ವಲ್ಪ ಒಳಗಿನ ವ್ಯವಹಾರ. "ನಾಲ್ಕು ರೇಸ್, ಹತ್ತು ಅಂಕ. ಎದುರಾಳಿ ಒಬ್ಬನೂ ಅವನನ್ನು ಹಿಂದೆ ಹಾಕಲಿಲ್ಲ. ಹೇಗೆ?" ನಾಲ್ಕು ರೇಸ್ ಗೆದ್ದರೆ 12 ಅಂಕ, ಅದಕ್ಕೆ ಮ್ಯಾಕ್ಸಿಮಮ್ ಅನ್ನುತ್ತಾರೆ. ಹತ್ತೇ ಬಂದಿದೆ ಅಂದರೆ ಯಾರೋ ಮುಂದೆ ಹೋಗಿದ್ದಾರೆ. ಎದುರಾಳಿ ಅಲ್ಲ ಅಂದಮೇಲೆ ಇನ್ಯಾರು? ಸ್ವಂತ ಜೊತೆಗಾರ! ಎರಡು ರೇಸಿನಲ್ಲಿ ತನ್ನ ತಂಡದವನ ಹಿಂದೆಯೇ ಎರಡನೆಯವನಾಗಿ ಬಂದಿದ್ದಾನೆ.

ಇಲ್ಲೊಂದು ಜಾಣ ನಿಯಮ ಇದೆ. ರೈಡರ್‌ಗಳಿಗೆ ದುಡ್ಡು ಅಂಕದ ಲೆಕ್ಕದಲ್ಲಿ. ಹಾಗಿದ್ದಾಗ ಒಂದೇ ತಂಡದ ಇಬ್ಬರು ಮುಂದೆ ಇದ್ದರೆ ಏನಾಗುತ್ತದೆ? ಹಿಂದಿನವನು ಇನ್ನೊಂದು ಅಂಕದ ಆಸೆಗೆ ತನ್ನವನನ್ನೇ ಹಿಂದೆ ಹಾಕಲು ನೋಡುತ್ತಾನೆ, ಇಬ್ಬರೂ ತಗುಲಿಕೊಂಡು ಬೀಳುತ್ತಾರೆ. ಅದನ್ನು ತಪ್ಪಿಸಲು, ಎದುರಾಳಿಯನ್ನು ಹಿಂದಿಟ್ಟುಕೊಂಡು ಜೊತೆಗಾರನ ಬೆನ್ನಿಗೇ ಬಂದವನಿಗೆ ಒಂದು ಬೋನಸ್ ಅಂಕ ಕೊಡುತ್ತಾರೆ. ತಂಡದ ಮೊತ್ತಕ್ಕೆ ಅದು ಸೇರುವುದಿಲ್ಲ, ಅವನ ಜೇಬಿಗೆ ಮಾತ್ರ ಸೇರುತ್ತದೆ. ಅಂಕಪಟ್ಟಿಯಲ್ಲಿ ಇದನ್ನು 10+2 ಅಂತ ಬರೆಯುತ್ತಾರೆ. ಅಂಕ ಹತ್ತು, ಸಂಬಳ ಹನ್ನೆರಡಕ್ಕೆ. ಇದಕ್ಕೆ ಪೇಯ್ಡ್ ಮ್ಯಾಕ್ಸಿಮಮ್ ಅಂತ ಹೆಸರು. ನಮ್ಮ ಆಫೀಸುಗಳಲ್ಲೂ ಇಂಥದ್ದೊಂದು ಇದ್ದಿದ್ದರೆ ಎಷ್ಟೋ ಜಗಳ ತಪ್ಪುತ್ತಿತ್ತು ಅಲ್ವಾ.

ನಾಲ್ಕನೆಯದನ್ನು ಆಮೇಲೆ ನೋಡೋಣ. ಐದನೆಯದು ಬೇರೆಯೇ ಕಾರಣಕ್ಕೆ ನನ್ನ ನಿದ್ದೆ ಕೆಡಿಸಿತು: "ವಿಶ್ವ ಚಾಂಪಿಯನ್ ಪಟ್ಟ ಸತತ ಎರಡು ವರ್ಷ ಗೆದ್ದವರು ನಾಲ್ಕು ಜನ. ಮೂವರ ಹೆಸರು ಯಾರಾದರೂ ಹೇಳುತ್ತಾರೆ. ನಾಲ್ಕನೆಯವನು?"

ಮುಖಪುಟ ಹೋಗಿದ್ದರಿಂದ ಪುಸ್ತಿಕೆಯ ಇಸವಿ ಗೊತ್ತಿರಲಿಲ್ಲ. ಆದರೆ ಒಳಗೆ ಸುಳಿವು ಬೇಕಾದಷ್ಟಿತ್ತು. ಟೀ ಅಂಗಡಿಯ ಜಾಹೀರಾತಿನಲ್ಲಿ ಬೆಲೆ 6 ಹಳೇ ಪೆನ್ಸ್ ಅಂತಿದೆ, ಪಕ್ಕದಲ್ಲಿ ಆ ಕಾಲದ 'ಡಿ' ಅಕ್ಷರ. ರೋಮನ್ನರ ದಿನಾರಿಯಸ್ ನಾಣ್ಯದಿಂದ ಬಂದದ್ದು ಅದು. 12 ಪೆನ್ಸಿಗೆ ಒಂದು ಶಿಲಿಂಗ್, 20 ಶಿಲಿಂಗಿಗೆ ಒಂದು ಪೌಂಡ್. ನಮ್ಮಲ್ಲಿ ಆಣೆ ಹೋಗಿ ನಯಾಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ. ಅವರು ಆ ಹಳೇ ಲೆಕ್ಕ ಬಿಟ್ಟಿದ್ದು 1971ರ ಫೆಬ್ರವರಿ 15ಕ್ಕೆ. ಹಾಗಾಗಿ ಪುಸ್ತಿಕೆ ಅದಕ್ಕಿಂತ ಹಿಂದಿನದು. ಪುಟದ ತಲೆಯಲ್ಲಿ 'ಬ್ರಿಟಿಷ್ ಲೀಗ್, ಎರಡನೇ ಡಿವಿಷನ್' ಅಂತಿದೆ. ಬ್ರಿಟಿಷ್ ಲೀಗ್ ಶುರುವಾಗಿದ್ದು 1965ರಲ್ಲಿ, ಅದಕ್ಕೆ ಎರಡನೇ ಡಿವಿಷನ್ ಸೇರಿದ್ದು 1968ರಲ್ಲಿ. ಅಲ್ಲಿಗೆ 1968, 1969, 1970, ಈ ಮೂರು ವರ್ಷ ಉಳಿದವು.

ಇನ್ನು ಆ 'ನಾಲ್ಕು ಜನ' ಅನ್ನುವ ಮಾತು. ವಿಶ್ವ ಚಾಂಪಿಯನ್‌ಗಳ ಪಟ್ಟಿ ಮುಂದಿಟ್ಟುಕೊಂಡು ಬೆರಳು ಮಡಚುತ್ತಾ ಹೋದೆ. ನ್ಯೂಜಿಲೆಂಡಿನ ಬ್ಯಾರಿ ಬ್ರಿಗ್ಸ್ 1957 ಮತ್ತು 1958. ಸ್ವೀಡನ್ನಿನ ಓವ್ ಫುಂಡಿನ್ 1960 ಮತ್ತು 1961. ಮತ್ತೆ ನ್ಯೂಜಿಲೆಂಡಿನ ಐವನ್ ಮೇಜರ್ 1968 ಮತ್ತು 1969. ಇವರು ಅವತ್ತು ಎಲ್ಲರ ಬಾಯಲ್ಲಿದ್ದ ಮೂವರು. ನಾಲ್ಕನೆಯವರು ಆಸ್ಟ್ರೇಲಿಯಾದ ಜ್ಯಾಕ್ ಯಂಗ್, 1951 ಮತ್ತು 1952. ಎರಡನೇ ಡಿವಿಷನ್ನಿನ ಪುಸ್ತಿಕೆಯಲ್ಲಿ ಇವರನ್ನೇ ಕೇಳಿದ್ದು ಸುಮ್ನೆ ಅಲ್ಲ. 1951ರಲ್ಲಿ ಗೆದ್ದಾಗ ಯಂಗ್ ಎಡಿನ್‌ಬರೋ ತಂಡದಲ್ಲಿದ್ದರು. ಆ ತಂಡ ಆಗ ಇದ್ದದ್ದು ಅಂದಿನ ಹಳೇ ಲೀಗಿನ ಎರಡನೇ ಡಿವಿಷನ್ನಿನಲ್ಲಿ. ಸಣ್ಣ ಊರಿನ ತಂಡದವನೂ ಲೋಕ ಗೆಲ್ಲಬಹುದು ಅಂತ ತಮ್ಮವರಿಗೆ ನೆನಪಿಸುವ ಆಸೆ ಆ ಪ್ರಶ್ನೆಯೊಳಗೆ ಕೂತಿದೆ.

ಆದರೆ ನನಗೆ ಮುಖ್ಯವಾದದ್ದು ಬೇರೆ. ಮೇಜರ್ ಎರಡನೇ ಸಲ ಗೆದ್ದದ್ದು 1969ರ ಸೆಪ್ಟೆಂಬರ್‌ನಲ್ಲಿ, ಲಂಡನ್ನಿನ ವೆಂಬ್ಲಿಯಲ್ಲಿ. ಅದಕ್ಕೆ ಮುಂಚೆ ಅಚ್ಚಾಗಿದ್ದರೆ 'ಮೂರು ಜನ' ಅಂತಿರಬೇಕಿತ್ತು. 1970ರ ಸೆಪ್ಟೆಂಬರ್‌ನಲ್ಲಿ ಪೋಲೆಂಡಿನ ವ್ರೊಟ್ಸ್ವಾಫ್‌ನಲ್ಲಿ ಮೇಜರ್ ಸತತ ಮೂರನೇ ಸಲವೂ ಗೆದ್ದರು. ಹಿಂದೆ ಯಾರೂ ಮಾಡಿರಲಿಲ್ಲ. ಆಮೇಲೆ ಕ್ವಿಜ್ ಬರೆಯುವವನು ಎರಡರ ಬಗ್ಗೆ ಕೇಳುತ್ತಾನಾ? ಮೂರರ ಬಗ್ಗೆಯೇ ಕೇಳುತ್ತಾನೆ. ಅಲ್ಲಿಗೆ ನಮ್ಮ ಪುಸ್ತಿಕೆ 1969ರ ಸೀಸನ್ನಿನ ಕೊನೆಯ ವಾರಗಳದ್ದು, ಇಲ್ಲವೇ 1970ರ ಬೇಸಿಗೆಯದ್ದು. ಉತ್ತರವೇ ಇಲ್ಲದ ಪ್ರಶ್ನೆ ತನ್ನ ಜಾತಕವನ್ನು ತಾನೇ ಹೇಳಿಕೊಂಡಿತ್ತು.

(ಒಂದು ಅಡ್ಡ ಮಾತು. ಮೇಜರ್ ಹೆಸರನ್ನು ಇಂಗ್ಲಿಷಿನಲ್ಲಿ ಬರೆದದ್ದು ನೋಡಿದರೆ ನಾವು 'ಮಾಗರ್' ಅಂತ ಓದುತ್ತೇವೆ. ಅವರು, ಬ್ರಿಗ್ಸ್, ಇನ್ನೊಬ್ಬ ಚಾಂಪಿಯನ್ ರಾನಿ ಮೂರ್, ಮೂವರೂ ಬೆಳೆದದ್ದು ಒಂದೇ ಊರಿನಲ್ಲಿ, ಕ್ರೈಸ್ಟ್‌ಚರ್ಚ್‌ನಲ್ಲಿ. ಆ ಊರಿನ ನೀರಿನಲ್ಲಿ ಏನಿತ್ತೋ!)

ಆರನೇ ಪ್ರಶ್ನೆ ನಮ್ಮ ಮನೆಗೇ ಬಂದು ಬಾಗಿಲು ತಟ್ಟಿತು. "ಇಸ್ಪೀಟಿನ ಎಕ್ಕದ ಮೇಲೆ ಕೂತು ಚಾಂಪಿಯನ್ ಆಗಬಹುದಾ?" ಆಗಬಹುದು. ಚೆಕ್ ಭಾಷೆಯಲ್ಲಿ ಎಕ್ಕಕ್ಕೆ ಎಸೊ ಅನ್ನುತ್ತಾರೆ. ಜೆಕೊಸ್ಲೊವಾಕಿಯಾದ ದಿವಿಶೋವ್ ಅನ್ನುವ ಸಣ್ಣ ಊರಿನ ಕಾರ್ಖಾನೆ ಎಸೊ ಅನ್ನುವ ಹೆಸರಿನಲ್ಲಿ ಸ್ಪೀಡ್‌ವೇ ಗಾಡಿ ಮಾಡುತ್ತಿತ್ತು. 1930ರ ದಶಕದಿಂದ ಈ ಆಟದಲ್ಲಿ ರಾಜನಂತಿದ್ದ ಇಂಗ್ಲೆಂಡಿನ ಜ್ಯಾಪ್ ಎಂಜಿನ್ನನ್ನು 1960ರ ದಶಕದಲ್ಲಿ ಮೂಲೆಗೆ ತಳ್ಳಿದ್ದು ಈ ಎಕ್ಕವೇ. ಅದೇ ದಶಕದಲ್ಲಿ ಆ ಕಾರ್ಖಾನೆ ದೊಡ್ಡ ಕಂಪನಿಯೊಂದರ ತೆಕ್ಕೆಗೆ ಹೋಯಿತು. ಆ ಕಂಪನಿಯ ಹೆಸರು ಜಾವಾ.

ಹೌದು, ಅದೇ ಜಾವಾ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಲ್ಲಿ ಅವರ ಪರವಾನಗಿ ಪಡೆದು ಗಾಡಿ ಮಾಡತೊಡಗಿತು. ಆಮೇಲೆ ಅದೇ ಯೆಜ್ಡಿ ಆಯಿತು, 1996ರಲ್ಲಿ ಬಾಗಿಲು ಹಾಕಿತು. ಅಪ್ಪನ ಹತ್ತಿರ ಇದ್ದದ್ದು ಆ ಮೈಸೂರು ಜಾವಾ. ಅದರಲ್ಲಿ ಕಿಕ್ ಹೊಡೆಯುವ ಲಿವರ್ರೇ ಗೇರ್ ಲಿವರ್ ಕೂಡ. ಕಿಕ್ ಹೊಡೆದು, ಅದನ್ನೇ ಮುಂದಕ್ಕೆ ಮಲಗಿಸಿ ಗೇರ್ ಹಾಕಬೇಕು. ಗೊತ್ತಿಲ್ಲದವರು ಕೈಕೊಟ್ಟ ಗಾಡಿ ಅಂತ ಪಕ್ಕಕ್ಕೆ ನಿಲ್ಲಿಸಿಬಿಡುತ್ತಿದ್ದರು. ದಿವಿಶೋವ್‌ನ ರೇಸ್ ಗಾಡಿಗೂ ಅದಕ್ಕೂ ಹೆಸರು ಬಿಟ್ಟರೆ ಹೋಲಿಕೆ ಕಡಿಮೆ. ನಮ್ಮದು ಟೂ-ಸ್ಟ್ರೋಕ್, ಅದು ಫೋರ್-ಸ್ಟ್ರೋಕ್. ಆದರೂ ಮೇಜರ್ ಮೂರು ಸಲ ಗೆದ್ದ ಮೇಲೆ ಇಬ್ಬರು ಅಮೆರಿಕನ್ ಅಭಿಮಾನಿಗಳು ಆ ಗಾಡಿಗೆ ಚಿನ್ನದ ಲೇಪನ ಮಾಡಿಸಿಕೊಟ್ಟರು ಅಂತ ಹೇಳಿದಾಗ ಅಪ್ಪನ ಮುಖ ನೋಡಬೇಕಿತ್ತು. "ಬ್ರೇಕ್ ಇಲ್ದೇ ಇರೋ ಗಾಡಿಗೆ ಚಿನ್ನ ಯಾಕೆ?" ಅಂತ ಒಂದೇ ಮಾತು.

ಈಗ ನಾಲ್ಕನೇ ಪ್ರಶ್ನೆ. "ಫೈನಲ್‌ನಲ್ಲಿ ಐದಕ್ಕೆ ಐದೂ ಗೆದ್ದ. ಚಾಂಪಿಯನ್ ಬೇರೆಯವನು. ಯಾರು, ಯಾಕೆ?"

ಮೊದಲ ವಿಶ್ವ ಚಾಂಪಿಯನ್‌ಷಿಪ್ಪಿನ ಫೈನಲ್ ನಡೆದದ್ದು 1936ರಲ್ಲಿ, ವೆಂಬ್ಲಿಯಲ್ಲಿ. ಆಸ್ಟ್ರೇಲಿಯಾದ ಬ್ಲೂಯಿ ವಿಲ್ಕಿನ್ಸನ್ ಅವತ್ತು ಐದು ರೇಸ್ ಓಡಿಸಿದರು, ಐದನ್ನೂ ಗೆದ್ದರು, 15 ಅಂಕ. ಕೊನೆಗೆ ಸಿಕ್ಕಿದ್ದು ಮೂರನೇ ಸ್ಥಾನ. ಕಾರಣ, ಆಗ ಫೈನಲ್ಲಿನ ಅಂಕಕ್ಕೆ ಹಿಂದಿನ ಸುತ್ತುಗಳ ಬೋನಸ್ಸನ್ನೂ ಸೇರಿಸುತ್ತಿದ್ದರು. ವಿಲ್ಕಿನ್ಸನ್ ಹತ್ತಿರ 10 ಬೋನಸ್ ಇತ್ತು, ಒಟ್ಟು 25. ಅವರ ದೇಶದವರೇ ಆದ ಲಯನೆಲ್ ವ್ಯಾನ್ ಪ್ರಾಗ್‌ಗೆ ಫೈನಲ್‌ನಲ್ಲಿ 14, ಬೋನಸ್ 12, ಒಟ್ಟು 26. ಇಂಗ್ಲೆಂಡಿನ ಎರಿಕ್ ಲ್ಯಾಂಗ್ಟನ್‌ಗೆ 13 ಮತ್ತು 13, ಅವರದ್ದೂ 26. ಇಬ್ಬರೂ ಸಮ ಆದ್ದರಿಂದ ಮತ್ತೊಂದು ರೇಸ್. ಲ್ಯಾಂಗ್ಟನ್ ಗಡಿಬಿಡಿಯಲ್ಲಿ ಮುಂದೆ ನುಗ್ಗಿ ಸ್ಟಾರ್ಟಿನಲ್ಲಿ ಅಡ್ಡ ಕಟ್ಟಿದ್ದ ಟೇಪನ್ನೇ ಹರಿದರು. ಅವರನ್ನು ಅಲ್ಲೇ ಹೊರಗೆ ಹಾಕಬಹುದಿತ್ತು. ಹಾಗೆ ಸಿಗುವ ಪಟ್ಟ ಬೇಡ ಅಂದರು ವ್ಯಾನ್ ಪ್ರಾಗ್. ಮತ್ತೆ ಓಡಿಸಿದರು, ವ್ಯಾನ್ ಪ್ರಾಗ್ ಗೆದ್ದರು.

ನಿಯಮ ನಿಯಮವೇ, ಒಪ್ಪೋಣ. ಆದರೂ ಅವತ್ತು ಯಾರೂ ಸೋಲಿಸಲಾಗದವನಿಗೆ ಮೂರನೇ ಸ್ಥಾನ ಅಂದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ವಿಲ್ಕಿನ್ಸನ್‌ಗೆ ಪಟ್ಟ ಸಿಕ್ಕಿದ್ದು ಎರಡು ವರ್ಷ ತಡವಾಗಿ, 1938ರಲ್ಲಿ, ಅದೂ ಮುರಿದ ಭುಜದ ಮೂಳೆಗೆ ಪಟ್ಟಿ ಕಟ್ಟಿಸಿಕೊಂಡು.

ಕೊನೆಗೆ ಏಳನೆಯದು. ಮೂರು ದಿನ ನನ್ನನ್ನು ಕೂರಿಸಿದ ಪ್ರಶ್ನೆ. ಒಂದು ಪಟ್ಟಿ ಕೊಟ್ಟು ಹೀಗೆ ಬರೆದಿದ್ದರು: "16 ರೈಡರ್, 20 ಹೀಟ್. ಅಚ್ಚಿನ ಮನೆಯಲ್ಲಿ ಕೊನೆಯ ನಾಲ್ಕು ಹೀಟ್ ಬಿಟ್ಟುಹೋಗಿವೆ. ತುಂಬಿ."

ಇದು ತಂಡದ ಪಂದ್ಯದ ಪಟ್ಟಿ ಅಲ್ಲ, ವೈಯಕ್ತಿಕ ಸ್ಪರ್ಧೆಯದ್ದು. ಯಾರಿಗೂ ತಂಡ ಇಲ್ಲ, ಪ್ರತಿಯೊಬ್ಬನಿಗೂ ಐದು ರೇಸ್. ಪಟ್ಟಿ ಹೀಗಿತ್ತು:

ಹೀಟ್ 1: 1, 2, 3, 4
ಹೀಟ್ 2: 5, 6, 7, 8
ಹೀಟ್ 3: 9, 10, 11, 12
ಹೀಟ್ 4: 13, 14, 15, 16
ಹೀಟ್ 5: 1, 5, 9, 13
ಹೀಟ್ 6: 2, 6, 10, 14
ಹೀಟ್ 7: 3, 7, 11, 15
ಹೀಟ್ 8: 4, 8, 12, 16
ಹೀಟ್ 9: 1, 6, 11, 16
ಹೀಟ್ 10: 2, 5, 12, 15
ಹೀಟ್ 11: 3, 8, 9, 14
ಹೀಟ್ 12: 4, 7, 10, 13
ಹೀಟ್ 13: 1, 7, 12, 14
ಹೀಟ್ 14: 2, 8, 11, 13
ಹೀಟ್ 15: 3, 5, 10, 16
ಹೀಟ್ 16: 4, 6, 9, 15

ಮೊದಲು ಇದರಲ್ಲಿ ತಲೆಬುಡ ಏನೂ ಕಾಣಲಿಲ್ಲ. ಮೊದಲ ಎಂಟು ಹೀಟ್ ಸರಿ, ಒಂದು ಕ್ರಮ ಇದೆ. ಆಮೇಲೆ ಯಾರೋ ಕಣ್ಣು ಮುಚ್ಚಿ ಚೀಟಿ ಎತ್ತಿದ ಹಾಗಿದೆ. 1 ಸಂಖ್ಯೆಯವನ ಜೊತೆ ಯಾರ್ಯಾರು ಓಡಿದರು ಅಂತ ಒಂದು ಹಾಳೆಯಲ್ಲಿ ಬರೆದುಕೊಂಡೆ. 2, 3, 4. ಆಮೇಲೆ 5, 9, 13. ಆಮೇಲೆ 6, 11, 16. ಆಮೇಲೆ 7, 12, 14. ಒಬ್ಬನೂ ಎರಡು ಸಲ ಬಂದಿಲ್ಲ! 2ರವನದ್ದು ಬರೆದೆ, ಅಲ್ಲೂ ಹಾಗೇ. ಆಗ ಹೊಳೆಯಿತು. ಈ ಪಟ್ಟಿಯ ಗುಟ್ಟೇ ಅದು. 16 ಜನರಲ್ಲಿ ಪ್ರತಿಯೊಬ್ಬನೂ ಉಳಿದ 15 ಜನರನ್ನೂ ಒಂದೇ ಒಂದು ಸಲ ಎದುರಿಸಬೇಕು. ಎರಡು ಸಲ ಇಲ್ಲ, ತಪ್ಪಿಸಿಕೊಳ್ಳುವಂತೆಯೂ ಇಲ್ಲ. ಒಂದು ರೇಸಿನಲ್ಲಿ ಮೂವರು ಎದುರಾಳಿಗಳು, ಐದು ರೇಸಿಗೆ ಹದಿನೈದು. ಸರಿಹೋಯಿತು.

ಇಡೀ ಪಟ್ಟಿಗೆ ತಾಳೆ ನೋಡೋಣ. 16 ಜನರಲ್ಲಿ ಎಷ್ಟು ಜೋಡಿ? 16ನ್ನು 15ರಿಂದ ಗುಣಿಸಿ ಅರ್ಧ ಮಾಡಿದರೆ 120. ಒಂದು ಹೀಟ್‌ನ ನಾಲ್ವರಲ್ಲಿ 6 ಜೋಡಿ. 20 ಹೀಟ್‌ಗೆ 120. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆ ಇಲ್ಲ. ಇಂಥ ಆಯ್ಕೆಯ ಲೆಕ್ಕಕ್ಕೆ ಸಾಮಾನ್ಯ ಸೂತ್ರವನ್ನು ನಮ್ಮ ನೆಲದಲ್ಲೇ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದಲ್ಲಿ ಕೊಟ್ಟಿದ್ದಾರೆ. ಅವರು ತೆಗೆದುಕೊಂಡ ಉದಾಹರಣೆ ರೇಸಲ್ಲ, ರುಚಿ. ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ, ಈ ಆರನ್ನು ಎಷ್ಟು ಬಗೆಯಲ್ಲಿ ಬೆರೆಸಬಹುದು? ಎರಡೆರಡಾಗಿ ಬೆರೆಸಿದರೆ 15 ಬಗೆ. ಲೆಕ್ಕ ಅದೇ.

ಎಣಿಸುವುದು ಸುಲಭ. ಜೋಡಿಗಳು ಇಷ್ಟು ಅಂತ ಗೊತ್ತಾದ ಮಾತ್ರಕ್ಕೆ ಅವನ್ನು ಹೀಗೆ ಹಂಚಲು ಆಗಿಯೇ ಆಗುತ್ತದೆ ಅಂತೇನಿಲ್ಲ. ಹೇಗೆ ಹಂಚಿದ್ದಾರೆ ನೋಡಿ. ಸಂಖ್ಯೆಗಳನ್ನು ಚೌಕವಾಗಿ ಬರೆಯಿರಿ:

1 2 3 4
5 6 7 8
9 10 11 12
13 14 15 16

ಅಡ್ಡ ಸಾಲುಗಳೇ ಮೊದಲ ನಾಲ್ಕು ಹೀಟ್. ಕಂಬ ಸಾಲುಗಳೇ ಮುಂದಿನ ನಾಲ್ಕು. ಒಂಬತ್ತನೇ ಹೀಟ್ 1, 6, 11, 16, ಚೌಕದ ಮೂಲೆಯಿಂದ ಮೂಲೆಗೆ ಎಳೆದ ಗೆರೆ. ಹನ್ನೆರಡನೆಯದು 4, 7, 10, 13, ಇನ್ನೊಂದು ಮೂಲೆಗೆರೆ. ಮಿಕ್ಕವು ನೇರ ಗೆರೆ ಅಲ್ಲ, ಆದರೆ ನಿಯಮ ಅದೇ. ಪ್ರತಿ ಹೀಟ್‌ಗೆ ಒಂದೊಂದು ಅಡ್ಡ ಸಾಲಿನಿಂದಲೂ ಒಬ್ಬನೇ, ಒಂದೊಂದು ಕಂಬ ಸಾಲಿನಿಂದಲೂ ಒಬ್ಬನೇ. ಹೀಟ್ 10ನ್ನು ನೋಡಿ: 2 ಮೊದಲ ಸಾಲಿನದು, 5 ಎರಡನೆಯದರದು, 12 ಮೂರನೆಯದರದು, 15 ನಾಲ್ಕನೆಯದರದು. ಕಂಬಗಳೂ ನಾಲ್ಕೂ ಬೇರೆ. ಸುಡೊಕು ಆಡುವವರಿಗೆ ಇದರ ವಾಸನೆ ಆಗಲೇ ಹತ್ತಿರುತ್ತದೆ. ಪ್ರತಿ ಅಡ್ಡ ಸಾಲಲ್ಲೂ ಪ್ರತಿ ಕಂಬ ಸಾಲಲ್ಲೂ ಒಂದೊಂದು ಗುರುತು ಒಂದೇ ಸಲ ಬರುವ ಇಂಥ ಚೌಕವನ್ನು ಗಣಿತದವರು ಲ್ಯಾಟಿನ್ ಚೌಕ ಅನ್ನುತ್ತಾರೆ. ಒಂದರ ಮೇಲೊಂದು ಇಟ್ಟರೂ ಒಂದಕ್ಕೊಂದು ಡಿಕ್ಕಿ ಹೊಡೆಯದ ಮೂರು ಲ್ಯಾಟಿನ್ ಚೌಕಗಳು ಈ ರೇಸ್ ಪಟ್ಟಿಯೊಳಗೆ ಅಡಗಿವೆ.

ಎಲ್ಲ ಸಂಖ್ಯೆಗೂ ಹೀಗೆ ಆಗುವುದಿಲ್ಲ ಅನ್ನುವುದೇ ಇದರ ಸ್ವಾರಸ್ಯ. 9 ಜನ, ಮೂವರ ರೇಸ್ ಆದರೆ 12 ಹೀಟ್‌ನಲ್ಲಿ ಆಗುತ್ತದೆ. 25 ಜನ, ಐವರ ರೇಸ್ ಆದರೆ 30 ಹೀಟ್‌ನಲ್ಲಿ ಆಗುತ್ತದೆ. 36 ಜನ, ಆರು ಜನರ ರೇಸ್? ಆಗುವುದೇ ಇಲ್ಲ, ಎಷ್ಟೇ ತಲೆ ಕೆರೆದುಕೊಂಡರೂ. ಇದರ ಬೇರು 1782ರಲ್ಲಿ ಗಣಿತಜ್ಞ ಯೂಲರ್ ಬರೆದ 36 ಸೇನಾಧಿಕಾರಿಗಳ ಒಗಟಿನಲ್ಲಿದೆ. ಆರು ದಳ, ಆರು ದರ್ಜೆ, 36 ಅಧಿಕಾರಿಗಳು. ಅಡ್ಡ ಸಾಲಲ್ಲೂ ಕಂಬ ಸಾಲಲ್ಲೂ ಪ್ರತಿ ದಳ, ಪ್ರತಿ ದರ್ಜೆ ಒಂದೊಂದೇ ಸಲ ಬರುವ ಹಾಗೆ ನಿಲ್ಲಿಸಿ ಅಂದ. ಆಗದು ಅಂತ ಅವನಿಗೇ ಗುಮಾನಿ ಇತ್ತು. 1900ರ ಸುಮಾರಿಗೆ ಫ್ರಾನ್ಸಿನ ಗಾಸ್ತೋಂ ತಾರಿ ಒಂದೊಂದೇ ಸಾಧ್ಯತೆ ತಾಳೆ ನೋಡಿ ಆಗದು ಅಂತ ಸಾಧಿಸಿದ. 10, 14, 18ಕ್ಕೂ ಆಗದು ಅಂತ ಯೂಲರ್ ಊಹಿಸಿದ್ದ. ಅದನ್ನು 1959ರಲ್ಲಿ ಸುಳ್ಳು ಮಾಡಿದ ಮೂವರಲ್ಲಿ ಇಬ್ಬರು ನಮ್ಮವರು, ರಾಜಚಂದ್ರ ಬೋಸ್ ಮತ್ತು ಶರದ್ಚಂದ್ರ ಶ್ರೀಖಂಡೆ. ಮೂರನೆಯವರು ಅಮೆರಿಕದ ಅರ್ನೆಸ್ಟ್ ಪಾರ್ಕರ್. ಯೂಲರ್‌ನ ಆಟ ಕೆಡಿಸಿದವರು ಅಂತಲೇ ಅವರಿಗೆ ಹೆಸರಾಯಿತು.

ಧೂಳು, ಮೆಥನಾಲ್ ವಾಸನೆ, ಬಿಯರ್ ಜಾಹೀರಾತು. ಅದರ ನಡುವೆ ಇದು! ಪೆನ್ನು ಹಿಡಿದು ನಿಂತ ಅಜ್ಜನಿಗೆ ಯೂಲರ್ ಗೊತ್ತಿರಬೇಕಿಲ್ಲ. ಆದರೆ ಈ ಪಟ್ಟಿಯ ನ್ಯಾಯ ಅವನಿಗೆ ಚೆನ್ನಾಗಿ ಗೊತ್ತಿತ್ತು. 'ನನಗೆ ಕಷ್ಟದ ಎದುರಾಳಿಗಳೇ ಸಿಕ್ಕಿದರು' ಅನ್ನುವ ನೆಪ ಇಲ್ಲಿ ನಡೆಯುವುದಿಲ್ಲ, ಎಲ್ಲರಿಗೂ ಎಲ್ಲರೂ ಸಿಗುತ್ತಾರೆ. 15 ಅಂಕ ಬಂತು ಅಂದರೆ ಮೈದಾನದಲ್ಲಿದ್ದ ಉಳಿದ ಹದಿನೈದೂ ಜನರನ್ನು ಒಬ್ಬೊಬ್ಬರಾಗಿ ಹಿಂದೆ ಹಾಕಿದ್ದಾನೆ ಅಂತಲೇ ಅರ್ಥ.

ಬಿಟ್ಟುಹೋದ ನಾಲ್ಕು ಹೀಟ್ ತುಂಬುವುದು ಈಗ ನಿಮಗೇ ಬರುತ್ತದೆ. 1ರವನು ಇನ್ನೂ ಯಾರನ್ನು ಎದುರಿಸಿಲ್ಲ? 8, 10, 15. ಹೀಟ್ 17 ಸಿಕ್ಕಿತು. 2ರವನಿಗೆ ಉಳಿದವರು 7, 9, 16. ಅದು ಹೀಟ್ 18. 3ರವನಿಗೆ 6, 12, 13. ಅದು ಹೀಟ್ 19. 4ರವನಿಗೆ 5, 11, 14. ಅದು ಹೀಟ್ 20. ವೈಯಕ್ತಿಕ ಸ್ಪರ್ಧೆಗಳ 20 ಹೀಟ್‌ಗಳ ನಿಜವಾದ ಪಟ್ಟಿಯೂ ಇದೇ.

ಡಿಸೆಂಬರ್‌ನಲ್ಲಿ ಅಕ್ಕ ಮೈಸೂರಿಗೆ ಬಂದಾಗ ಪುಸ್ತಿಕೆಯನ್ನೇ ತಂದಳು. "ತಗೋ, ನಿನ್ನ ಭಾವನ ಆಸ್ತಿ," ಅಂತ ಮೇಜಿನ ಮೇಲಿಟ್ಟಳು. ಫೋಟೋದಲ್ಲಿ ಕಾಣದ್ದು ಕಾಗದದಲ್ಲಿ ಕಂಡಿತು. ಕೊನೇ ಪುಟದಲ್ಲಿ ಹಿಂದಿನ ಯಜಮಾನ ಯಾರೋ ಪೆನ್ಸಿಲ್ಲಿನಲ್ಲಿ ಉತ್ತರ ಬರೆದು, ಆಮೇಲೆ ಎಲ್ಲ ಅಳಿಸಿದ್ದಾನೆ. ಅಪ್ಪ ಅದನ್ನು ಕಿಟಕಿಗೆ ಹಿಡಿದು ನೋಡಿದರು. ಹೀಟ್ 18ರ ಜಾಗ ಎರಡು ಸಲ ರಬ್ಬರ್ ತಿಂದು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿದೆ. ಅಲ್ಲಿ 2ರ ಪಕ್ಕ ಮೊದಲು 6 ಅಂತ ಬರೆದು ಒರೆಸಿದ್ದಾನೆ, ಅದರ ಮೇಲೆ ಒತ್ತಿ 7 ಬರೆದಿದ್ದಾನೆ. 2 ಮತ್ತು 6 ಹೀಟ್ 6ರಲ್ಲೇ ಎದುರಾಗಿದ್ದರಲ್ಲ.